ಸಲಮಾಂಕಾ ವಿಶ್ವವಿದ್ಯಾಲಯ: ಆವರಣಗಳು, ಸಂಶೋಧನಾ ಕೇಂದ್ರಗಳು, ಸೌಲಭ್ಯಗಳು – ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೇನಿನ ಸಲಮಾಂಕಾಕ್ಕೆ ಹೋಗುವವರಲ್ಲಿ ಬಹುಪಾಲು ಜನ ವಿಶ್ವವಿದ್ಯಾಲಯದ ಹಳೆಯ ಮುಂಬಾಗಿಲ ಎದುರು ನಿಂತು ಫೋಟೊ ತೆಗೆಸಿಕೊಂಡು ಮುಂದೆ ನಡೆಯುತ್ತಾರೆ. ಓದಲು ಹೋಗುವವರಿಗೆ ಬೇರೆಯದೇ ಗೊಂದಲ: ಪ್ರವೇಶಪತ್ರದಲ್ಲಿ ಒಂದು ಊರಿನ ಹೆಸರಿರುತ್ತದೆ, ತರಗತಿ ಇನ್ನೊಂದು ಊರಿನಲ್ಲಿರುತ್ತದೆ. ಎರಡೂ ಬಗೆಯವರಿಗೆ ಉಪಯೋಗವಾಗಲೆಂದು ಈ ಪ್ರಶ್ನೋತ್ತರ. ಎಂಟುನೂರು ವರ್ಷ ದಾಟಿದ ಈ ಸಂಸ್ಥೆ ಬರೀ ಸ್ಮಾರಕವಲ್ಲ, ಇವತ್ತಿಗೂ ದುಡಿಯುತ್ತಿರುವ ವಿಶ್ವವಿದ್ಯಾಲಯ. ಅದನ್ನು ಹಾಗೆಯೇ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇದು ನಿಜಕ್ಕೂ ಸ್ಪೇನಿನ ಅತಿ ಹಳೆಯ ವಿಶ್ವವಿದ್ಯಾಲಯವೇ?

ಇಂದಿಗೂ ನಡೆಯುತ್ತಿರುವವುಗಳಲ್ಲಿ ಹೌದು. ಇದಕ್ಕಿಂತ ಕೆಲವೇ ವರ್ಷ ಮೊದಲು ಪಾಲೆನ್ಸಿಯಾ ಊರಿನಲ್ಲಿ ಒಂದು ವಿದ್ಯಾಪೀಠ ಶುರುವಾಗಿತ್ತು, ಆದರೆ ಅದು ಬಾಳಲಿಲ್ಲ. ಸಲಮಾಂಕಾದ್ದನ್ನು 1218ರಲ್ಲಿ ಲಿಯೋನ್ ರಾಜ್ಯದ ಅರಸ ಒಂಬತ್ತನೆಯ ಆಲ್ಫೊನ್ಸೊ ಸ್ಥಾಪಿಸಿದ.

1254ರಲ್ಲಿ ಹತ್ತನೆಯ ಆಲ್ಫೊನ್ಸೊ ಕೊಟ್ಟ ಸನ್ನದು ಅದಕ್ಕೆ ಬೇರು ಕೊಟ್ಟಿತು. ಯಾವ ಯಾವ ಪೀಠಗಳಿರಬೇಕು, ಅಧ್ಯಾಪಕರಿಗೆ ಸಂಬಳ ಎಷ್ಟು ಎಂಬುದರ ಜೊತೆಗೆ, ಪುಸ್ತಕಗಳನ್ನು ನೋಡಿಕೊಳ್ಳಲು ಸಂಬಳದ ಒಬ್ಬ ಅಧಿಕಾರಿ ಇರಬೇಕೆಂದೂ ಅದರಲ್ಲಿ ಬರೆದಿತ್ತು. ಅಚ್ಚಿನ ಯಂತ್ರ ಯುರೋಪಿಗೆ ಬರಲು ಇನ್ನೂ ಇನ್ನೂರು ವರ್ಷ ಇದ್ದ ಕಾಲದಲ್ಲಿ ಗ್ರಂಥಪಾಲಕನಿಗೆ ರಾಜಾಜ್ಞೆಯಿಂದಲೇ ಸಂಬಳ ನಿಗದಿಯಾಗಿದ್ದು ನನಗೆ ಈ ವಿಶ್ವವಿದ್ಯಾಲಯದ ಇತಿಹಾಸದಲ್ಲೇ ಅತ್ಯಂತ ಪ್ರಿಯವಾದ ಸಂಗತಿ. ಮರುವರ್ಷ, 1255ರಲ್ಲಿ, ಪೋಪ್ ನಾಲ್ಕನೆಯ ಅಲೆಕ್ಸಾಂಡರ್ ಇಲ್ಲಿನ ಪದವಿಗೆ ಮನ್ನಣೆ ಕೊಟ್ಟರು. ಇಲ್ಲಿ ಪದವಿ ಪಡೆದವರು ಪ್ಯಾರಿಸ್, ಬೊಲೋನ್ಯಾ ಬಿಟ್ಟು ಬೇರೆಲ್ಲಿ ಬೇಕಾದರೂ ಪಾಠ ಹೇಳಬಹುದಾಗಿತ್ತು.

ಕ್ಯಾಂಪಸ್ ಎಲ್ಲಿದೆ? ಗೇಟು ಯಾವ ಕಡೆ?

ಗೇಟೂ ಇಲ್ಲ, ಕಾಂಪೌಂಡೂ ಇಲ್ಲ. ವಿಶ್ವವಿದ್ಯಾಲಯ ಊರಿನೊಳಗೇ ಬೆರೆತಿದೆ. ಹಳೆ ಪಟ್ಟಣದ ಬೀದಿಗಳಲ್ಲಿ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಬೇಕರಿ, ಚರ್ಚು, ಮನೆಗಳು ಎಲ್ಲ ಸಿಗುತ್ತವೆ.

ಸ್ಥೂಲವಾಗಿ ಹೀಗೆ ತಿಳಿಯಬಹುದು. ಹಳೆ ಪಟ್ಟಣದಲ್ಲಿ ಐತಿಹಾಸಿಕ ಕಟ್ಟಡಗಳು, ಭಾಷೆ ಮತ್ತು ಇತಿಹಾಸದ ವಿಭಾಗಗಳು, ಹತ್ತಿರದಲ್ಲೇ ವಿಜ್ಞಾನ ವಿಭಾಗ. ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ ಲೇಖಕ ಮಿಗೆಲ್ ದೆ ಉನಾಮುನೊ ಹೆಸರಿನ ಹೊಸ ಆವರಣ. ಕಾನೂನು, ಅರ್ಥಶಾಸ್ತ್ರ, ವೈದ್ಯಕೀಯ, ಔಷಧ ವಿಜ್ಞಾನ ಅಲ್ಲಿವೆ. ಶಿಕ್ಷಣಶಾಸ್ತ್ರಕ್ಕೆ ಕನಲೇಹಾಸ್, ಮನಃಶಾಸ್ತ್ರಕ್ಕೆ ಸ್ಯುದಾದ್ ಹಾರ್ದಿನ್ ಎಂಬ ಸಣ್ಣ ಆವರಣಗಳಿವೆ. ಊರಾಚೆಯ ವಿಯ್ಯಮಾಯೋರ್‌ನಲ್ಲಿ ವಿಜ್ಞಾನ ಪಾರ್ಕು. ಇವಲ್ಲದೆ ಆವಿಲಾ, ಸಮೋರಾ, ಬೇಹಾರ್ ಎಂಬ ಮೂರು ಬೇರೆ ಊರುಗಳಲ್ಲೂ ಕಾಲೇಜುಗಳಿವೆ.

ಆದ್ದರಿಂದ ಯಾರಾದರೂ ವಿಳಾಸ ಕೊಟ್ಟರೆ ಮೊದಲು ಕೇಳಬೇಕಾದ್ದು: ಯಾವ ಕಟ್ಟಡ?

ಎಲ್ಲರೂ ಫೋಟೊ ತೆಗೆಯುವ ಆ ಕೆತ್ತನೆಯ ಗೋಡೆ ಯಾವುದು?

ಅದು ಎಸ್ಕುವೇಲಾಸ್ ಮಯೋರೆಸ್, ಅಂದರೆ ಹಿರಿಯ ಶಾಲೆಗಳ ಕಟ್ಟಡದ ಮುಂಭಾಗ. 16ನೇ ಶತಮಾನದ ಮೊದಲ ಭಾಗದಲ್ಲಿ, ಅಕ್ಕಸಾಲಿಗರ ಕುಸುರಿಯನ್ನು ಕಲ್ಲಿಗೆ ಇಳಿಸಿದಂಥ ಪ್ಲಾಟೆರೆಸ್ಕ್ ಶೈಲಿಯಲ್ಲಿ ಕಟ್ಟಿದ್ದು. ಕೆಳಗಿನ ಸಾಲಿನಲ್ಲಿ ಇಸಬೆಲ್ಲಾ ರಾಣಿ ಮತ್ತು ಫರ್ಡಿನಂಡ್ ರಾಜರ ಚಿತ್ರ, ಅದರ ಸುತ್ತ ಗ್ರೀಕ್ ಬರಹ: ರಾಜರು ವಿಶ್ವವಿದ್ಯಾಲಯಕ್ಕಾಗಿ, ವಿಶ್ವವಿದ್ಯಾಲಯ ರಾಜರಿಗಾಗಿ.

ಕಲ್ಲಿನ ಹೊಂಬಣ್ಣಕ್ಕೆ ಕಾರಣ ವಿಯ್ಯಮಾಯೋರ್ ಮರಳುಗಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುವುದರಿಂದ ಉಳಿಗೆ ಸುಲಭವಾಗಿ ಒದಗುತ್ತದೆ. ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ, ಕಲ್ಲಿನಲ್ಲಿರುವ ಕಬ್ಬಿಣದ ಅಂಶ ನಿಧಾನವಾಗಿ ಬಣ್ಣ ತಿರುಗುತ್ತದೆ. ಆ ಕಲ್ಲು ಬಂದ ಹಳ್ಳಿಯಲ್ಲೇ ಇಂದು ವಿಶ್ವವಿದ್ಯಾಲಯದ ಅತ್ಯಂತ ಹೊಸ ಪ್ರಯೋಗಾಲಯಗಳಿವೆ.

ಪ್ರವಾಸಿಗರೆಲ್ಲ ಹುಡುಕುವ ಕಲ್ಲಿನ ಕಪ್ಪೆ ಎಲ್ಲಿದೆ? ಕಲ್ಲಿನ ಗಗನಯಾತ್ರಿ ಎಲ್ಲಿದ್ದಾನೆ?

ಕಪ್ಪೆ ಈ ಗೋಡೆಯ ಬಲಗಡೆಯ ಕಂಬದಲ್ಲಿ, ಒಂದು ತಲೆಬುರುಡೆಯ ಮೇಲೆ ಕೂತಿದೆ. ಯಾರ ಸಹಾಯವೂ ಇಲ್ಲದೆ ಅದನ್ನು ಕಂಡವರು ಪರೀಕ್ಷೆಯಲ್ಲಿ ಪಾಸಾಗುತ್ತಾರೆ ಎಂಬುದು ವಿದ್ಯಾರ್ಥಿಗಳ ನಂಬಿಕೆ. ಗಗನಯಾತ್ರಿ ವಿಶ್ವವಿದ್ಯಾಲಯದ್ದಲ್ಲ. ಅವನಿರುವುದು ಹೊಸ ಕೆಥೆಡ್ರಲ್ಲಿನ ಬಾಗಿಲಲ್ಲಿ, 1992ರ ದುರಸ್ತಿಯ ಸಮಯದಲ್ಲಿ ಕೆತ್ತಿದ್ದು. ಕಪ್ಪೆಯನ್ನು ಹುಡುಕುವ ಭರದಲ್ಲಿ ಆ ಗ್ರೀಕ್ ಬರಹವನ್ನು ನೋಡದೆ ಬರಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಕಟ್ಟಡದ ಒಳಗೆ ನೋಡಲೇಬೇಕಾದ್ದು ಏನು?

ಸಮಯ ಕಡಿಮೆಯಿದ್ದರೆ ಎರಡು ಕೋಣೆಗಳನ್ನು ನೋಡಿ.

ಒಂದು, ಫ್ರಾಯ್ ಲೂಯಿಸ್ ದೆ ಲಿಯೋನ್ ಅವರ ಪಾಠದ ಕೋಣೆ. ಬೆಂಚು ಎಂದರೆ ಒರಟಾಗಿ ಕಡಿದ ಮರದ ತೊಲೆಗಳು, ಅವುಗಳ ಮೇಲೆ ನಾಲ್ಕೈದು ಶತಮಾನಗಳ ಹಿಂದಿನ ಹುಡುಗರು ಚಾಕುವಿನಿಂದ ಗೀಚಿದ ಗುರುತುಗಳು. ಕವಿಯೂ ದೇವತಾಶಾಸ್ತ್ರಜ್ಞನೂ ಆಗಿದ್ದ ಈ ಸನ್ಯಾಸಿಯನ್ನು 1572ರಲ್ಲಿ, ಧರ್ಮವಿರೋಧದ ಆರೋಪಗಳನ್ನು ವಿಚಾರಿಸುವ ಚರ್ಚಿನ ನ್ಯಾಯಮಂಡಳಿಯಾದ ಇನ್‌ಕ್ವಿಸಿಷನ್ ಬಂಧಿಸಿತು. ಲ್ಯಾಟಿನ್ ಬೈಬಲ್ಲಿಗಿಂತ ಹೀಬ್ರೂ ಮೂಲಕ್ಕೆ ಹೆಚ್ಚು ಬೆಲೆ ಕೊಟ್ಟದ್ದು, ಸಾಲೊಮನ್ನನ ಗೀತೆಯನ್ನು ಜನರ ಭಾಷೆಗೆ ತಂದದ್ದು ಅವರ ಮೇಲಿದ್ದ ಆರೋಪಗಳಲ್ಲಿ ಸೇರಿದ್ದವು. ಸುಮಾರು ಐದು ವರ್ಷ ಸೆರೆಯಲ್ಲಿಟ್ಟು 1576ರ ಕೊನೆಗೆ ಬಿಟ್ಟರು. ಮರಳಿ ಪಾಠಕ್ಕೆ ನಿಂತಾಗ "ನಿನ್ನೆ ನಾವು ಹೇಳುತ್ತಿದ್ದಂತೆ" ಎಂದು ಶುರುಮಾಡಿದರಂತೆ. ಇದು ಐತಿಹ್ಯ, ಆದರೆ ಊರು ಅದನ್ನು ಬಿಟ್ಟುಕೊಟ್ಟಿಲ್ಲ. ಮುಂಭಾಗದ ಎದುರಿನ ಅಂಗಳದಲ್ಲಿರುವ 1869ರ ಪ್ರತಿಮೆ ಅವರದೇ.

ಇನ್ನೊಂದು, ಪಾರಾನಿಂಫೊ ಎಂಬ ಸಮಾರಂಭದ ಸಭಾಂಗಣ. 1936ರ ಅಕ್ಟೋಬರ್ 12ರಂದು, ಅಂತರ್ಯುದ್ಧ ಶುರುವಾಗಿ ಮೂರು ತಿಂಗಳಷ್ಟೇ ಆಗಿದ್ದಾಗ, ರೆಕ್ಟರ್, ಅಂದರೆ ವಿಶ್ವವಿದ್ಯಾಲಯದ ಮುಖ್ಯಸ್ಥ, ಆಗಿದ್ದ ಮಿಗೆಲ್ ದೆ ಉನಾಮುನೊ ಇಲ್ಲಿ ಸರ್ಕಾರದ ವಿರುದ್ಧ ದಂಗೆಯೆದ್ದಿದ್ದ ಫ್ರಾಂಕೊ ಪಕ್ಷದ ಸೇನಾಧಿಕಾರಿ ಮಿಯಾನ್ ಅಸ್ತ್ರಾಯ್ ಎದುರಿಗೇ ಎದ್ದುನಿಂತು ಮಾತಾಡಿದರು. ಗೆಲ್ಲುವುದೇ ಬೇರೆ, ಮನವೊಪ್ಪಿಸುವುದೇ ಬೇರೆ ಎಂಬುದು ಅವರ ಮಾತಿನ ತಿರುಳು. ಆ ದಿನ ಆಡಿದ ಪದಗಳು ಇವೇ ಎಂದು ನಿಖರವಾಗಿ ಹೇಳುವುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಪರಿಣಾಮದ ಬಗ್ಗೆ ಅನುಮಾನವಿಲ್ಲ: ಅವರನ್ನು ರೆಕ್ಟರ್ ಹುದ್ದೆಯಿಂದ ತೆಗೆದರು, ಮನೆಯಲ್ಲೇ ಕಾವಲಿನಲ್ಲಿ ಉಳಿದ ಅವರು ಅದೇ ವರ್ಷ ಡಿಸೆಂಬರ್ 31ರಂದು ತೀರಿಕೊಂಡರು. ಮೊದಲ ಬಾರಿ ರೆಕ್ಟರ್ ಆಗಿದ್ದಾಗ, 1900ರಿಂದ 1914ರವರೆಗೆ, ಅವರು ವಾಸವಿದ್ದ ಮನೆ ಪಕ್ಕದಲ್ಲೇ ಇದೆ. ಈಗ ಅದು ವಿಶ್ವವಿದ್ಯಾಲಯದ ಮ್ಯೂಸಿಯಂ, ಅವರ ಸ್ವಂತ ಪುಸ್ತಕಗಳು ಅಲ್ಲಿವೆ.

ಹಳೆಯ ಗ್ರಂಥಾಲಯದ ಒಳಗೆ ಬಿಡುತ್ತಾರೆಯೇ?

ಸಾಮಾನ್ಯ ಪ್ರವಾಸಿಗರು ಬಾಗಿಲ ಬಳಿಯ ಗಾಜಿನ ಹಿಂದಿನಿಂದ ನೋಡಬೇಕು. ಹಸ್ತಪ್ರತಿಗಳ ಮೇಲೆ ಕೆಲಸ ಮಾಡುವ ಸಂಶೋಧಕರಿಗೆ ಬೇರೆ ವ್ಯವಸ್ಥೆ ಇದೆ. ಮೊದಲೇ ಬರೆದು, ಯಾವ ಪ್ರತಿ ಬೇಕು, ಏಕೆ ಬೇಕು ಎಂದು ತಿಳಿಸುವುದು ಒಳ್ಳೆಯದು.

1664ರಲ್ಲಿ ಈ ಗ್ರಂಥಾಲಯದ ಚಾವಣಿ ಕುಸಿದಿತ್ತು. ಈಗ ಕಾಣುವ ಮರದ ಕಪಾಟುಗಳ ಬರೋಕ್ ಸಭಾಂಗಣ 18ನೇ ಶತಮಾನದ ನಡುವಿನದು. ಸುಮಾರು 2,800 ಹಸ್ತಪ್ರತಿಗಳು, 1501ಕ್ಕಿಂತ ಮೊದಲು ಅಚ್ಚಾದ ನೂರಾರು ಪುಸ್ತಕಗಳು ಇಲ್ಲಿವೆ. ಸ್ಪ್ಯಾನಿಷ್ ಮಧ್ಯಯುಗದ ದೊಡ್ಡ ಕಾವ್ಯ 'ಲಿಬ್ರೊ ದೆ ಬುಎನ್ ಅಮೋರ್'ನ ಉಳಿದಿರುವ ಮೂರು ಮುಖ್ಯ ಪ್ರತಿಗಳಲ್ಲಿ ಒಂದು ಇಲ್ಲಿದೆ. ಹಳೆಯ ಕಾಲೇಜುಗಳನ್ನು ಮುಚ್ಚಿದ ಕಾಲದಲ್ಲಿ ಅವುಗಳ ಹಸ್ತಪ್ರತಿಗಳು ಮ್ಯಾಡ್ರಿಡ್‌ನ ಅರಮನೆಗೆ ಹೋಗಿದ್ದವು. ಸನ್ನದಿನ ಏಳುನೂರನೇ ವರ್ಷವಾದ 1954ರಲ್ಲಿ ಅವು ಮರಳಿ ಬಂದವು. ಕದ್ದರೆ ಪೋಪ್ ಒಬ್ಬರೇ ಕ್ಷಮಿಸಬಲ್ಲ ಧರ್ಮಬಹಿಷ್ಕಾರ ತಪ್ಪದು ಎಂದು ಎಚ್ಚರಿಸುವ ಹಳೆಯ ಫಲಕವೂ ಇಲ್ಲಿ ಉಂಟು. ಹಣ, ದಾಖಲೆಗಳನ್ನು ಇಡುತ್ತಿದ್ದ, ಐದು ಬೀಗದ ಕೈ ಒಟ್ಟಿಗೇ ಬೇಕಾಗುತ್ತಿದ್ದ ಪೆಟ್ಟಿಗೆಯನ್ನೂ ಉಳಿಸಿಕೊಂಡಿದ್ದಾರೆ.

'ಸಲಮಾಂಕಾದ ಆಕಾಶ' ಎಂದರೇನು?

15ನೇ ಶತಮಾನದ ಕೊನೆಯಲ್ಲಿ ಚಿತ್ರಕಾರ ಫರ್ನಾಂಡೊ ಗಲ್ಯೇಗೊ ಆಗಿನ ಗ್ರಂಥಾಲಯದ ಚಾವಣಿಯ ಮೇಲೆ ಬರೆದ ರಾಶಿಚಕ್ರ ಮತ್ತು ನಕ್ಷತ್ರಪುಂಜಗಳ ಚಿತ್ರ. ಮೂರರಲ್ಲಿ ಒಂದು ಪಾಲು ಮಾತ್ರ ಉಳಿದಿದೆ: ಸಿಂಹ, ಕನ್ಯಾ, ತುಲಾ, ವೃಶ್ಚಿಕ, ಧನು ರಾಶಿಗಳು, ಸೂರ್ಯ ಮತ್ತು ಬುಧರ ರಥಗಳು. ನಮ್ಮ ಪಂಚಾಂಗದ ರಾಶಿಗಳು ಗೊತ್ತಿರುವವರು ಯಾರೂ ಹೇಳಿಕೊಡದೆಯೇ ಇದನ್ನು ಓದಬಲ್ಲರು. 18ನೇ ಶತಮಾನದಲ್ಲಿ ಕೆಳಗೆ ಇನ್ನೊಂದು ಚಾವಣಿ ಬಂದು ಇದು ಮರೆಯಾಗಿತ್ತು. 20ನೇ ಶತಮಾನದಲ್ಲಿ ಚಾವಣಿಯಿಂದ ಬಿಡಿಸಿ ಎದುರಿನ ಎಸ್ಕುವೇಲಾಸ್ ಮೆನೋರೆಸ್, ಅಂದರೆ ಕಿರಿಯ ಶಾಲೆಗಳ ಕಟ್ಟಡಕ್ಕೆ ತಂದರು. ಒಳಗೆ ಬೆಳಕು ಬಹಳ ಮಂದ. ಕಣ್ಣು ಹೊಂದಿಕೊಳ್ಳುವವರೆಗೆ ಕಾಯಿರಿ, ಆಮೇಲೆ ಒಂದೊಂದೇ ನಕ್ಷತ್ರ ಮೂಡುತ್ತದೆ.

ಹಳೆಯ ಕಟ್ಟಡಗಳಲ್ಲಿ ಈಗಲೂ ಪಾಠ ನಡೆಯುತ್ತದೆಯೇ?

ಕೆಲವದರಲ್ಲಿ ನಡೆಯುತ್ತದೆ. 1401ರಲ್ಲಿ ಶುರುವಾದ ಸಾನ್ ಬಾರ್ತೊಲೊಮೆ ಕಾಲೇಜಿನ ಜಾಗದಲ್ಲಿ 18ನೇ ಶತಮಾನದಲ್ಲಿ ಎದ್ದ ಅನಾಯಾ ಅರಮನೆ ಇಂದು ಭಾಷೆ, ಸಾಹಿತ್ಯದ ವಿಭಾಗ. ಮೆಟ್ಟಿಲ ತಿರುವಿನಲ್ಲಿ ಶಿಲ್ಪಿ ವಿಕ್ತೋರಿಯೊ ಮಾಚೊ ಮಾಡಿದ ಉನಾಮುನೊ ಪ್ರತಿಮೆ ಇದೆ, ಹುಡುಗರು ಅದರ ಪಕ್ಕದಲ್ಲೇ ತರಗತಿಗೆ ಓಡುತ್ತಾರೆ. ಬಡ ವಿದ್ಯಾರ್ಥಿಗಳ ಶುಶ್ರೂಷೆಗೆಂದು 1413ರಲ್ಲಿ ಹುಟ್ಟಿದ ಆಸ್ಪತ್ರೆಯ ಕಟ್ಟಡ ಈಗ ರೆಕ್ಟರ್ ಕಚೇರಿ. ಆರ್ಚ್‌ಬಿಷಪ್ ಫೊನ್ಸೆಕಾ ಕಾಲೇಜು ವಸತಿಗೂ ಸಭೆ, ಪ್ರದರ್ಶನಗಳಿಗೂ ಬಳಕೆಯಾಗುತ್ತಿದೆ. ಬಹಳ ಕಾಲ ಐರ್ಲೆಂಡಿನಿಂದ ಬಂದ ಪಾದ್ರಿ ವಿದ್ಯಾರ್ಥಿಗಳು ಇದ್ದುದರಿಂದ ಜನ ಅದನ್ನು ಐರಿಷ್ ಕಾಲೇಜು ಎಂದೂ ಕರೆಯುತ್ತಾರೆ.

ಹತ್ತಿರದಲ್ಲೇ ಕಾಣುವ ಕ್ಲೆರೆಸಿಯಾ ಎಂಬ ದೊಡ್ಡ ಚರ್ಚಿನ ಕಟ್ಟಡ ಕೂಡ ಇದೇ ವಿಶ್ವವಿದ್ಯಾಲಯದ್ದೇ?

ಅಲ್ಲ. ಅದು 1940ರಲ್ಲಿ ಚರ್ಚು ಶುರುಮಾಡಿದ ಪೊಂಟಿಫಿಕಲ್ ವಿಶ್ವವಿದ್ಯಾಲಯದ ನೆಲೆ. ಅರ್ಜಿ ಹಾಕುವಾಗ ಎರಡರ ಹೆಸರೂ ಒಂದೇ ರೀತಿ ಕಾಣುವುದರಿಂದ ಜಾಗ್ರತೆ. ಶಂಖದ ಚಿಪ್ಪುಗಳ ಮನೆ ಎಂದು ಹೆಸರಾದ ಕಾಸಾ ದೆ ಲಾಸ್ ಕೊಂಚಾಸ್ ಕೂಡ ವಿಶ್ವವಿದ್ಯಾಲಯದ್ದಲ್ಲ, ಸಾರ್ವಜನಿಕ ಗ್ರಂಥಾಲಯ.

ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದಿರುವುದೇನು?

ಅವು 'ವೀತೋರ್'. ಡಾಕ್ಟರೇಟ್ ಪಡೆದವರ ಹೆಸರಿನ ಜೊತೆ ವಿಜಯದ ಚಿಹ್ನೆ ಬರೆಯುವ ಸಂಪ್ರದಾಯ. ಹಿಂದೆ ಬಣ್ಣಕ್ಕೆ ಗೂಳಿಯ ರಕ್ತ ಬೆರೆಸುತ್ತಿದ್ದರು. ಆ ಕಾಲದ ಪರೀಕ್ಷೆ ಸಲೀಸಾಗಿರಲಿಲ್ಲ: ಅಭ್ಯರ್ಥಿ ಹಿಂದಿನ ರಾತ್ರಿ ಹಳೆ ಕೆಥೆಡ್ರಲ್ಲಿನ ಸಂತ ಬಾರ್ಬರಾ ಗುಡಿಯಲ್ಲಿ ಒಬ್ಬನೇ ಕೂತು, ಅಲ್ಲಿರುವ ಬಿಷಪ್ಪರ ಸಮಾಧಿಗೆ ಕಾಲು ತಾಗಿಸಿಕೊಂಡು ಓದಬೇಕಿತ್ತು.

ಸಂಶೋಧನೆಯಲ್ಲಿ ಈ ವಿಶ್ವವಿದ್ಯಾಲಯ ಈಗ ಏನು ಮಾಡುತ್ತಿದೆ?

ಇದನ್ನು ಕೇಳುವವರು ಕಡಿಮೆ. ಆದ್ದರಿಂದಲೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವಿಯ್ಯಮಾಯೋರ್‌ನ ವಿಜ್ಞಾನ ಪಾರ್ಕಿನಲ್ಲಿ ಪಲ್ಸ್ ಲೇಸರ್, ಅಂದರೆ ಬೆಳಕನ್ನು ಅತಿ ಗಿಡ್ಡ ಮಿನುಗುಗಳಾಗಿ ಹೊರಬಿಡುವ ಲೇಸರ್, ಕೇಂದ್ರವಿದೆ. ಸ್ಪೇನ್ ಸರ್ಕಾರ, ಕಾಸ್ತೀಯಾ ಇ ಲಿಯೋನ್ ಪ್ರಾಂತ ಸರ್ಕಾರ ಮತ್ತು ಸಲಮಾಂಕಾ ವಿಶ್ವವಿದ್ಯಾಲಯ ಒಟ್ಟಾಗಿ ನಡೆಸುವ ಕೇಂದ್ರ ಇದು. ಹೊರಗಿನ ವಿಜ್ಞಾನಿಗಳೂ ಪ್ರಸ್ತಾವ ಕಳಿಸಿ ಯಂತ್ರದ ಸಮಯ ಕೇಳಬಹುದು. ಇಲ್ಲಿನ ವೇಗಾ ಲೇಸರ್ ವ್ಯವಸ್ಥೆಗೆ ಮೂರು ಹಂತ: 20 ಟೆರಾವ್ಯಾಟ್, 200 ಟೆರಾವ್ಯಾಟ್, 1 ಪೆಟಾವ್ಯಾಟ್. ಪೆಟಾವ್ಯಾಟ್ ಎಂದರೆ ಹತ್ತು ಕೋಟಿ ಕೋಟಿ ವ್ಯಾಟ್, ಹೆದರುವಂಥ ಸಂಖ್ಯೆ, ಆದರೆ ಲೇಸರಿನ ಒಂದು ಮಿನುಗಿನಲ್ಲಿರುವ ಶಕ್ತಿ ಸುಮಾರು 30 ಜೂಲ್ ಮಾತ್ರ. ಮೂರು ಕಿಲೋ ಅಕ್ಕಿಯ ಚೀಲವನ್ನು ನೆಲದಿಂದ ಒಂದು ಮೀಟರ್ ಎತ್ತಲು ಅಷ್ಟೇ ಸಾಕು. ಗುಟ್ಟು ಇರುವುದು ಸಮಯದಲ್ಲಿ. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಒಂದು ಪಾಲು ಫೆಮ್ಟೊಸೆಕೆಂಡ್. ಅಂಥ ಸುಮಾರು ಮೂವತ್ತು ಪಾಲುಗಳಷ್ಟೇ ಸಮಯದಲ್ಲಿ ಆ ಶಕ್ತಿಯೆಲ್ಲ ಹೊರಬೀಳುತ್ತದೆ.

ಇಷ್ಟು ತೀವ್ರವಾದ ಬೆಳಕನ್ನು ನೇರವಾಗಿ ಹಿಗ್ಗಿಸಹೋದರೆ ಯಂತ್ರದ ಗಾಜು, ಹರಳುಗಳೇ ಸುಟ್ಟುಹೋಗುತ್ತವೆ. ಹಾಗಾಗಿ ಬೆಳಕಿನ ಮಿನುಗನ್ನು ಮೊದಲು ಕಾಲದಲ್ಲಿ ಎಳೆದು ಉದ್ದ ಮಾಡುತ್ತಾರೆ, ತೆಳುವಾದ ಮೇಲೆ ಶಕ್ತಿ ತುಂಬುತ್ತಾರೆ, ಕೊನೆಗೆ ಮತ್ತೆ ಒತ್ತಿ ಗಿಡ್ಡ ಮಾಡುತ್ತಾರೆ. ಈ ವಿಧಾನ ಕಂಡುಹಿಡಿದ ಡಾನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮುರು ಅವರಿಗೆ 2018ರಲ್ಲಿ, ವಿಶ್ವವಿದ್ಯಾಲಯ ಎಂಟುನೂರು ತುಂಬಿದ ಅದೇ ವರ್ಷ, ಭೌತಶಾಸ್ತ್ರದ ನೊಬೆಲ್ ಬಂತು. ಇಂಥ ಲೇಸರಿನಿಂದ ಕಣಗಳನ್ನು ಅತಿ ಕಡಿಮೆ ಜಾಗದಲ್ಲಿ ವೇಗಗೊಳಿಸುವ ಪ್ರಯೋಗಗಳು ನಡೆಯುತ್ತವೆ.

ಉನಾಮುನೊ ಆವರಣದಲ್ಲಿ ಕ್ಯಾನ್ಸರ್ ಸಂಶೋಧನಾ ಕೇಂದ್ರವಿದೆ, ಸ್ಪೇನಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಜೊತೆ ಸೇರಿ ನಡೆಸುವುದು. ಜೀವಕೋಶದ ಮೂಲ ಸಂಶೋಧನೆ ಮತ್ತು ಆಸ್ಪತ್ರೆಯ ರೋಗಿಗಳ ಚಿಕಿತ್ಸೆ ಒಂದಕ್ಕೊಂದು ಹತ್ತಿರ ಇರಬೇಕು ಎಂಬ ಯೋಚನೆಯಿಂದ ಕಟ್ಟಿದ್ದು. ಅದೇ ಮಂಡಳಿಯ ಜೊತೆಗಿನ ಇನ್ನೊಂದು ಸಂಸ್ಥೆ ಕ್ರಿಯಾತ್ಮಕ ಜೀವವಿಜ್ಞಾನ ಮತ್ತು ಜೀನೋಮಿಕ್ಸ್‌ನದು, ಅಲ್ಲಿ ಯೀಸ್ಟ್‌ನಂಥ ಸಣ್ಣ ಜೀವಿಗಳ ಮೂಲಕ ಕೋಶವಿಭಜನೆಯನ್ನು ಅರಿಯುವ ಕೆಲಸ ನಡೆಯುತ್ತದೆ. ನರವಿಜ್ಞಾನ ಸಂಸ್ಥೆ ಶ್ರವಣದ ಸಂಶೋಧನೆಗೆ ಹೆಸರಾಗಿದೆ. ಕೃಷಿಗೆ ಸಂಬಂಧಿಸಿದ ಸ್ಪೇನ್–ಪೋರ್ಚುಗಲ್ ಸಂಸ್ಥೆ ವಿಯ್ಯಮಾಯೋರ್‌ನಲ್ಲಿದೆ. ಲ್ಯಾಟಿನ್ ಅಮೆರಿಕದ ರಾಜಕೀಯ, ಸಮಾಜದ ಅಧ್ಯಯನಕ್ಕೆ ಇಬೆರೊಅಮೆರಿಕಾ ಸಂಸ್ಥೆ, ಮಧ್ಯಯುಗ ಮತ್ತು ಪುನರುಜ್ಜೀವನ ಕಾಲದ ಪಠ್ಯಗಳಿಗೆ ಇನ್ನೊಂದು ಸಂಸ್ಥೆ ಇವೆ.

ಬೇರೆ ಊರುಗಳ ಕಾಲೇಜುಗಳು ಎರಡನೇ ದರ್ಜೆಯವೇ?

ಖಂಡಿತ ಅಲ್ಲ, ಪದವಿಯೂ ಒಂದೇ. ಬೇಹಾರ್ ಉಣ್ಣೆಯ ಗಿರಣಿಗಳಿಂದ ಬೆಳೆದ ಬೆಟ್ಟದ ಊರು, ಅಲ್ಲಿ ಕೈಗಾರಿಕಾ ಎಂಜಿನಿಯರಿಂಗ್ ಕಾಲೇಜು ಇರುವುದು ಆ ಹಿನ್ನೆಲೆಯಿಂದಲೇ. ಸಮೋರಾದ ಆವರಣಕ್ಕೆ ವಿರಿಯಾತೊ ಎಂದು ಹೆಸರು, ಮೊದಲು ಸೈನಿಕರ ಬ್ಯಾರಕ್ಕು, ಈಗ ಪಾಲಿಟೆಕ್ನಿಕ್ ಮತ್ತು ಶಿಕ್ಷಕರ ತರಬೇತಿ. ಆವಿಲಾದಲ್ಲಿ ಸಿವಿಲ್ ಎಂಜಿನಿಯರಿಂಗ್, ಭೂಮಾಪನ, ಶಿಕ್ಷಣ, ಪ್ರವಾಸೋದ್ಯಮ. ಮೂರೂ ಸಣ್ಣ ಊರುಗಳು, ಸಲಮಾಂಕಾದಿಂದ ಸುಮಾರು 65ರಿಂದ 100 ಕಿ.ಮೀ. ದೂರ. ದಿನಾ ಓಡಾಡುವ ಯೋಚನೆ ಬೇಡ, ಕಾಲೇಜಿರುವ ಊರಲ್ಲೇ ಮನೆ ಹುಡುಕಿ.

ಓದಲು ಕೂರುವ ಗ್ರಂಥಾಲಯಗಳು ಯಾವುವು?

ಉನಾಮುನೊ ಆವರಣದಲ್ಲಿ ಫ್ರಾನ್ಸಿಸ್ಕೊ ದೆ ವಿತೋರಿಯಾ ಗ್ರಂಥಾಲಯ, ವಿಜ್ಞಾನದವರಿಗೆ ಅಬ್ರಹಾಂ ಸಕೂಟ್ ಗ್ರಂಥಾಲಯ. ಪರೀಕ್ಷೆಯ ದಿನಗಳಲ್ಲಿ ಜಾಗ ಸಿಗುವುದು ಕಷ್ಟ, ಬೇಗ ಹೋಗಿ.

ಎರಡೂ ಹೆಸರುಗಳ ಹಿಂದೆ ದೊಡ್ಡ ಕಥೆಗಳಿವೆ. ವಿತೋರಿಯಾ 1526ರಿಂದ ಇಲ್ಲಿ ದೇವತಾಶಾಸ್ತ್ರದ ಮುಖ್ಯ ಪೀಠದಲ್ಲಿದ್ದ ಡೊಮಿನಿಕನ್ ಸನ್ಯಾಸಿ. ಅಮೆರಿಕ ಖಂಡದ ಮೂಲನಿವಾಸಿಗಳು ಕ್ರೈಸ್ತರಲ್ಲ ಎಂಬ ಕಾರಣಕ್ಕೆ ಅವರ ನೆಲದ ಮೇಲಿನ ಹಕ್ಕು ಹೋಗುವುದಿಲ್ಲ ಎಂದು, ಸ್ಪೇನ್ ಸಾಮ್ರಾಜ್ಯ ಉಬ್ಬುತ್ತಿದ್ದ ಕಾಲದಲ್ಲೇ, ಪಾಠದ ಕೋಣೆಯಲ್ಲಿ ವಾದಿಸಿದವರು. ಅವರ ನಂತರದ ಮಾರ್ತಿನ್ ದೆ ಅಸ್ಪಿಲ್‌ಕುಎತಾ 1556ರಲ್ಲಿ, ಹಣ ಹೇರಳವಾದ ಕಡೆ ಅದರ ಬೆಲೆ ಇಳಿಯುತ್ತದೆ ಎಂದು ಬರೆದರು. ಅಮೆರಿಕದ ಬೆಳ್ಳಿ ಬಂದು ಬೆಲೆಗಳೇರಿದ್ದನ್ನು ಕಣ್ಣಾರೆ ಕಂಡ ತಿಳಿವಳಿಕೆ ಅದು. ಸಕೂಟ್ ಅವರ ವಿಷಯ ಮುಂದಿನ ಉತ್ತರದಲ್ಲಿದೆ.

ಭಾರತಕ್ಕೂ ಸಲಮಾಂಕಾಕ್ಕೂ ಹಳೆಯ ನಂಟು ಏನಾದರೂ ಇದೆಯೇ?

ಇದೆ, ಎರಡು ಕಡೆಯಿಂದ.

ಅಬ್ರಹಾಂ ಸಕೂಟ್ ಸಲಮಾಂಕಾದಲ್ಲಿ ಹುಟ್ಟಿದ ಯಹೂದಿ ಖಗೋಳಜ್ಞ. 1492ರಲ್ಲಿ ಯಹೂದಿಗಳನ್ನು ಸ್ಪೇನಿನಿಂದ ಹೊರಹಾಕಿದಾಗ ಪೋರ್ಚುಗಲ್‌ಗೆ ಹೋದರು. ಅವರ ಖಗೋಳ ಕೋಷ್ಟಕಗಳು 1496ರಲ್ಲಿ ಅಲ್ಲಿ ಅಚ್ಚಾದವು. ಸೂರ್ಯನ ಎತ್ತರ ಅಳೆದು ಹಡಗು ಎಲ್ಲಿದೆ ಎಂದು ಗೊತ್ತುಮಾಡಿಕೊಳ್ಳಲು ಪೋರ್ಚುಗೀಸ್ ನಾವಿಕರು ಅವುಗಳನ್ನು ಬಳಸಿದರು. 1498ರಲ್ಲಿ ಕಲ್ಲಿಕೋಟೆ ತಲುಪಿದ ವಾಸ್ಕೊ ಡ ಗಾಮನ ಯಾನಕ್ಕೆ ಅವರ ಸಲಹೆಯೂ ಇತ್ತು.

ಇನ್ನೊಬ್ಬರು ಗಾರ್ಸಿಯಾ ದ ಓರ್ತಾ. ಪೋರ್ಚುಗಲ್‌ನವರು, ಸಲಮಾಂಕಾ ಮತ್ತು ಅಲ್ಕಲಾ ವಿಶ್ವವಿದ್ಯಾಲಯಗಳಲ್ಲಿ ಓದಿ ವೈದ್ಯರಾಗಿ 1534ರಲ್ಲಿ ಗೋವೆಗೆ ಬಂದು ಕೊನೆಯವರೆಗೂ ಅಲ್ಲೇ ನಿಂತರು. ಅಹಮದ್‌ನಗರದ ಸುಲ್ತಾನನಿಗೂ ಚಿಕಿತ್ಸೆ ಮಾಡುತ್ತಿದ್ದರು. ಮೆಣಸು, ಏಲಕ್ಕಿ, ಶುಂಠಿ, ಮಾವು, ವೀಳ್ಯದೆಲೆ ಮುಂತಾದವನ್ನು ಕುರಿತು ಸಂಭಾಷಣೆಯ ರೂಪದಲ್ಲಿ ಅವರು ಬರೆದ ಪುಸ್ತಕ 1563ರಲ್ಲಿ ಗೋವೆಯಲ್ಲೇ ಅಚ್ಚಾಯಿತು. ನಮ್ಮ ಕರಾವಳಿ, ಘಟ್ಟದ ಜನರಿಗೆ ದಿನನಿತ್ಯದ್ದಾದ ಎಷ್ಟೋ ಸಸ್ಯಗಳ ಪರಿಚಯ ಯುರೋಪಿನ ವೈದ್ಯರಿಗೆ ಆದದ್ದು ಆ ಪುಸ್ತಕದಿಂದ. ಗುಟ್ಟಾಗಿ ಯಹೂದಿ ಧರ್ಮ ಪಾಲಿಸುತ್ತಿದ್ದರೆಂಬ ಆರೋಪದ ಮೇಲೆ, ಅವರು ಸತ್ತ ಮೇಲೆ, 1580ರಲ್ಲಿ, ಇನ್‌ಕ್ವಿಸಿಷನ್ ಅವರ ಅಸ್ಥಿಗಳನ್ನು ಅಗೆದು ಸುಡಿಸಿತು.

ಸ್ಪ್ಯಾನಿಷ್ ಬಾರದೆ ಅಲ್ಲಿ ಓದಬಹುದೇ?

ಹೆಚ್ಚಿನ ಪದವಿಗಳ ಪಾಠ ಸ್ಪ್ಯಾನಿಷ್‌ನಲ್ಲೇ. ಪ್ರಯೋಗಾಲಯಗಳಲ್ಲಿ ಇಂಗ್ಲಿಷ್‌ನಿಂದ ಕೆಲಸ ಸಾಗಬಹುದು, ಬ್ಯಾಂಕು, ಬಾಡಿಗೆ ಮನೆ, ಆಸ್ಪತ್ರೆಗಳಲ್ಲಿ ಸಾಗದು. ವಿದೇಶಿಯರಿಗೆ ಸ್ಪ್ಯಾನಿಷ್ ಕಲಿಸುವ ಕೋರ್ಸುಗಳು ಇಲ್ಲಿ 1929ರಿಂದಲೂ ನಡೆಯುತ್ತಿವೆ, ಈ ಕೆಲಸದಲ್ಲಿ ಸಲಮಾಂಕಾಗಿರುವ ಅನುಭವ ಸಣ್ಣದಲ್ಲ. ತರಗತಿ ಶುರುವಾಗುವ ಮೊದಲು ಒಂದು ಬೇಸಿಗೆ ಕೋರ್ಸು ಮಾಡುವುದು ನನ್ನ ಪ್ರಕಾರ ಸರಿಯಾದ ದಾರಿ.

ವಸತಿ, ಊಟ?

ವಿಶ್ವವಿದ್ಯಾಲಯದ ಹಾಸ್ಟೆಲುಗಳಿಗೆ ಕೊಲೇಹಿಯೊ ಮಯೋರ್ ಎಂದು ಹೆಸರು: ಫ್ರಾಯ್ ಲೂಯಿಸ್ ದೆ ಲಿಯೋನ್, ಸಾನ್ ಬಾರ್ತೊಲೊಮೆ, ಒವಿಯೆದೊ. ಸೀಟು ಸಿಗದವರು ನಾಲ್ಕೈದು ಜನ ಸೇರಿ ಫ್ಲ್ಯಾಟ್ ಹಿಡಿಯುತ್ತಾರೆ. ವಿದ್ಯಾರ್ಥಿ ಭೋಜನಶಾಲೆಗಳಿವೆ, ಆದರೆ ಮಧ್ಯಾಹ್ನದ ಊಟ ಎರಡರ ಸುಮಾರಿಗೆ, ರಾತ್ರಿಯದು ಒಂಬತ್ತರ ಮೇಲೆ. ಸಸ್ಯಾಹಾರಿಗಳು ಪ್ರತಿ ಬಾರಿಯೂ ಬಿಡಿಸಿ ಕೇಳಬೇಕು: 'ತರಕಾರಿ' ಎಂದು ಬಂದ ತಟ್ಟೆಯಲ್ಲಿ ಹಂದಿಮಾಂಸದ ಚೂರು ಇರುವುದುಂಟು.

ಸಲಮಾಂಕಾ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಬಯಲು. ಚಳಿಗಾಲದಲ್ಲಿ ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಮನೆ ನೋಡುವಾಗ ಹೀಟರ್ ಬಗ್ಗೆ ತಪ್ಪದೆ ವಿಚಾರಿಸಿ.

ಭಾರತದ ಅಂಕಪಟ್ಟಿ, ಪದವಿಪತ್ರಗಳಿಗೆ ಏನು ಮಾಡಿಸಬೇಕು?

ಭಾರತ ಮತ್ತು ಸ್ಪೇನ್ ಎರಡೂ ಹೇಗ್ ಒಪ್ಪಂದದಲ್ಲಿರುವುದರಿಂದ ಅಪಾಸ್ಟಿಲ್, ಅಂದರೆ ದಾಖಲೆ ಅಸಲಿ ಎಂದು ಆ ಒಪ್ಪಂದದ ದೇಶಗಳು ಒಪ್ಪುವ ಮುದ್ರೆ, ಬೇಕು. ಅದಕ್ಕೆ ಮೊದಲು ರಾಜ್ಯ ಮಟ್ಟದ ದೃಢೀಕರಣ ಆಗಬೇಕು, ಆಮೇಲೆ ಸ್ಪ್ಯಾನಿಷ್‌ಗೆ ಪ್ರಮಾಣಿತ ಅನುವಾದವನ್ನೂ ಕೇಳಬಹುದು. ಈ ಮೂರು ಮೆಟ್ಟಿಲಿಗೇ ತಿಂಗಳುಗಳು ಹಿಡಿಯುತ್ತವೆ, ವೀಸಾ ಅರ್ಜಿ ಅದರ ಮೇಲೆ. ಪ್ರವೇಶದ ಸುದ್ದಿ ಬಂದ ಮೇಲೆ ಶುರುಮಾಡೋಣ ಎಂದುಕೊಳ್ಳಬೇಡಿ, ಅರ್ಜಿ ಹಾಕುವಾಗಲೇ ಓಡಾಟ ಆರಂಭಿಸಿ.

ತಲುಪುವುದು ಹೇಗೆ?

ಮ್ಯಾಡ್ರಿಡ್‌ಗೆ ವಿಮಾನ, ಅಲ್ಲಿಂದ ಸುಮಾರು 210 ಕಿ.ಮೀ. ಚಮಾರ್ತಿನ್ ನಿಲ್ದಾಣದಿಂದ ವೇಗದ ರೈಲು ಒಂದೂಮುಕ್ಕಾಲು ಗಂಟೆಯಷ್ಟು ತೆಗೆದುಕೊಳ್ಳುತ್ತದೆ, ಬಸ್ಸು ಎರಡೂವರೆ ಗಂಟೆ. ವೇಗದ ರೈಲುಗಳ ಸಂಖ್ಯೆ ಕಡಿಮೆ, ಟಿಕೆಟ್ ಮೊದಲೇ ತೆಗೆಸಿ. ಆವಿಲಾದಲ್ಲಿ ಓದುವವರು ಸಲಮಾಂಕಾವರೆಗೆ ಬರಬೇಕಾಗಿಲ್ಲ, ಆವಿಲಾ ಮ್ಯಾಡ್ರಿಡ್‌ಗೆ ಇನ್ನೂ ಹತ್ತಿರ.